ಹದಿನೈದರ ಅಳತೆ

ನಮ್ಮ ಮನೆಯ ಕಬ್ಬಿಣದ ಟ್ರಂಕಿನ ತಳದಲ್ಲಿ ಎರಡೂವರೆ ಮೀಟರ್ ಕರಿಯ ಬಟ್ಟೆಯೊಂದು, ನಾಲ್ಕು ಡಾಂಬರು ಗುಳಿಗೆಗಳ ಕಾವಲಿನಲ್ಲಿ, ಮಡಿಕೆ ಮುರಿಯದೆ ಮಲಗಿ ಆರು ವರ್ಷವಾಯಿತು. ಕೋಟಿನ ಬಟ್ಟೆ ಅದು. ಕೈಗೆತ್ತಿಕೊಂಡರೆ ಎಮ್ಮೆಗರುವಿನ ಮೈಯಂತೆ ನುಣ್ಣಗೆ, ತುಸು ಭಾರವಾಗಿ ಜಾರುತ್ತದೆ. ಕಳೆದ ಸೋಮವಾರದಿಂದ ನಾನು ಅದನ್ನು ನಾಲ್ಕು ಸಲ ಹೊರಗೆ ತೆಗೆದಿದ್ದೇನೆ, ಮೇಜಿನ ಮೇಲೆ ಹಾಸಿ ಅಂಗೈಯಿಂದ ಸವರಿದ್ದೇನೆ, ಕತ್ತರಿಯನ್ನೂ ಪಕ್ಕಕ್ಕಿಟ್ಟುಕೊಂಡಿದ್ದೇನೆ, ಮತ್ತೆ ಮಡಚಿ ಒಳಗಿಟ್ಟಿದ್ದೇನೆ. ಐವತ್ತು ವರ್ಷ ಹೊಲಿಗೆ ಯಂತ್ರ ತುಳಿದವನೊಬ್ಬ ಬಟ್ಟೆ ಮುಂದಿಟ್ಟುಕೊಂಡು ಕತ್ತರಿ ಹಾಕಲಾರದೆ ಕೂತದ್ದೇಕೆ ಎಂಬುದನ್ನು ನಿಮಗೆ ಹೇಳಲೇಬೇಕು. ಹೇಳದಿದ್ದರೆ ಈ ಸಂತೋಷ ನನ್ನೊಬ್ಬನ ಎದೆಯಲ್ಲಿ ಹಿಡಿಸುವಂತಿಲ್ಲ.

ನಾನು ಹರಿಹರದ ಒಬ್ಬ ದರ್ಜಿ. ಶಾಲೆಯಲ್ಲಿ ಕೂತದ್ದು ನಾಲ್ಕನೇ ತರಗತಿಯವರೆಗೆ, ಆಮೇಲೆ ಕೂತದ್ದೆಲ್ಲ ಯಂತ್ರದ ಮುಂದೆ. ಬಟ್ಟೆಗೆ ಸುತ್ತಿ ಬಂದ ಹಳೆಯ ಪತ್ರಿಕೆಗಳನ್ನು ಬಿಡಿಸಿ ಓದುತ್ತ, ಕಲಿತ ಅಕ್ಷರ ಕೈಬಿಟ್ಟು ಹೋಗದಂತೆ ಕಾಪಾಡಿಕೊಂಡೆ. ಲೆಕ್ಕವನ್ನು ಟೇಪೇ ಕಲಿಸಿತು. ಕಾಲಿಂಚು, ಅರೆ ಇಂಚು, ಎದೆಸುತ್ತಿನ ನಾಲ್ಕರಲ್ಲೊಂದು ಪಾಲು ಎಂಬುದೆಲ್ಲ ನನ್ನ ಬೆರಳಿಗೆ ಗೊತ್ತು, ಬಾಯಿಗೆ ಗೊತ್ತಿಲ್ಲ. ಅಂಗಡಿ ಕೋರ್ಟಿಗೆ ಹತ್ತಿರವಾದ್ದರಿಂದ ವಕೀಲರ ಕೋಟುಗಳು ನನ್ನ ಪಾಲಿಗೆ ಬಂದವು. ಹೊಲಿದ ಕೋಟುಗಳನ್ನು ಮುಟ್ಟಿಸಲು ಹೋಗುವಾಗ ಮಗನ ಮಗಳು ರಕ್ಷಿತಾ ನನ್ನ ಸೈಕಲ್ಲಿನ ಹಿಂದೆ ಕೂತು ಬರುತ್ತಿದ್ದಳು, ಆಗಿನ್ನೂ ಏಳು ವರ್ಷದವಳು. ಒಂದು ದಿನ ಕೋರ್ಟಿನ ಅಂಗಳದಲ್ಲಿ ವಕೀಲೆಯೊಬ್ಬರು ನಾನು ಕೊಟ್ಟ ಕೋಟನ್ನು ಅಲ್ಲೇ ತೊಟ್ಟು, ಅಳುತ್ತ ನಿಂತಿದ್ದ ಹೆಂಗಸೊಬ್ಬಳ ಕೈ ಹಿಡಿದು ಮೆಟ್ಟಿಲು ಹತ್ತಿದರು. ಮೆಟ್ಟಿಲ ಮೇಲೆ ಹರಟುತ್ತಿದ್ದ ಗಂಡಸರೆಲ್ಲ ಸರಿದು ಜಾಗ ಬಿಟ್ಟರು. ಮನೆಗೆ ಬಂದು ಉಣ್ಣಲು ಕೂತಾಗ ಹುಡುಗಿ, ತನಗೂ ಅಂಥದೊಂದು ಕೋಟು ಬೇಕೆಂದಳು. ಅದನ್ನು ಹೊಲಿಸಿಕೊಂಡರಾಗದು, ಓದಿ ಗಳಿಸಬೇಕು ಎಂದೆ. ಹಾಗೆ ಹೇಳಿದವನೇ ಅವಳು ಏಳನೇ ತರಗತಿಗೆ ಬಂದ ವರ್ಷ, ಒಳ್ಳೆಯ ಬಟ್ಟೆಯ ಥಾನು ಕಣ್ಣಿಗೆ ಬಿತ್ತೆಂದು, ಯಾರಿಗೂ ಹೇಳದೆ ಅದರಿಂದ ಈ ಎರಡೂವರೆ ಮೀಟರ್ ಕತ್ತರಿಸಿಕೊಂಡು ತಂದಿಟ್ಟೆ.

ಆದರೆ ಹತ್ತನೇ ತರಗತಿಯಲ್ಲಿ ರಕ್ಷಿ ಗಣಿತದಲ್ಲಿ ಫೇಲಾದಳು. ಇಂಚಿಂಚು ಲೆಕ್ಕ ಹಾಕಿ ಬದುಕಿದವನ ಮೊಮ್ಮಗಳಿಗೆ ಲೆಕ್ಕ ಒಲಿಯಲಿಲ್ಲವೇ ಎಂದು ಓಣಿ ನಕ್ಕಿತು. ಅವಳು ಮರುಪರೀಕ್ಷೆಗೆ ಕೂತಳು; ಅಂಗಡಿಯ ಮೂಲೆಯಲ್ಲಿ ಬಟ್ಟೆ ಚೂರುಗಳ ಗುಡ್ಡೆಯ ಮೇಲೆ ಪುಸ್ತಕ ತೆರೆದಿಟ್ಟು, ನನ್ನ ಯಂತ್ರದ ಸದ್ದಿನಲ್ಲಿ ಯಾರಿಗೂ ಕೇಳಿಸದಂತೆ ಅಳುತ್ತ ಓದಿದಳು. ಬಂದದ್ದು ಮೂವತ್ತೈದು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಆಮೇಲೆ ಪಿಯುಸಿಗೆ ಆರ್ಟ್ಸ್ ಸೇರಿದಳು ನೋಡಿ, ಇತಿಹಾಸ ರಾಜ್ಯಶಾಸ್ತ್ರಗಳನ್ನು ಹಸಿದವರು ಉಂಡಂತೆ ಓದಿದಳು. ಈ ವರ್ಷ ನೂರಕ್ಕೆ ಎಂಬತ್ತೆಂಟು ತಂದಳು. ದಾವಣಗೆರೆಯ ಕಾಲೇಜಿನಲ್ಲಿ ಐದು ವರ್ಷದ ಕಾನೂನು ಓದಿಗೆ ಅರ್ಜಿ ಕೊಡುವುದೆಂದಾಯಿತು.

ಅಷ್ಟರಲ್ಲಿ ಪ್ಯಾಂಟಿನ ಜಿಪ್ಪು ಬದಲಿಸಲು ಬಂದಿದ್ದ ಹಿರಿಯರೊಬ್ಬರು, ಕೂತ ಸ್ಟೂಲಿನ ಮೇಲಿಂದಲೇ, "ಲಾ ಓದಾಕೆ ಬುಡದಿಂದ ನೋಡ್ತಾರಪ್ಪ. ಹತ್ತನೇ ಕ್ಲಾಸಿನಾಗೆ ಎಡವಿದವ್ರನ್ನ ಹತ್ರಾನೂ ಬಿಟ್ಟುಕೊಳ್ಳಲ್ಲ" ಎಂದುಬಿಟ್ಟರು. ಜಿಪ್ಪು ಹಾಕಿಸಿಕೊಂಡು ಅವರು ಹೋದರು, ಮಾತು ಉಳಿಯಿತು.

ದರ್ಜಿಯ ಬುದ್ಧಿ ಎಂಥದೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಬಟ್ಟೆ ಸಾಲದೆ ಬೇರೆ ತುಂಡು ಜೋಡಿಸಬೇಕಾಗಿ ಬಂದರೆ ಆ ಜೋಡನ್ನು ಕಂಕುಳ ಕೆಳಗೋ ಕಾಲರಿನ ಅಡಿಗೋ ಸೇರಿಸಿಬಿಡುತ್ತೇವೆ. ಕಣ್ಣಿಗೆ ಬೀಳದ್ದು ಇಲ್ಲವೆಂದೇ ನಮ್ಮ ಕಸುಬಿನ ನಂಬಿಕೆ. ಅರ್ಜಿ ಕೊಡಲು ಕಡೆಯ ದಿನ, ಮಗ ಸೊಸೆ ಇಬ್ಬರಿಗೂ ರಜೆ ಸಿಗದೆ ನಾನೇ ಅವಳ ಜೊತೆ ಹೊರಟವನು, ಅವಳು ಕನ್ನಡಿಯ ಮುಂದೆ ಜಡೆ ಹಾಕಿಕೊಳ್ಳುತ್ತಿದ್ದಾಗ ಫೈಲಿನಿಂದ ಆ ಮೂವತ್ತೈದರ ಮಾರ್ಕ್ಸ್ ಕಾರ್ಡನ್ನು ಮೆಲ್ಲಗೆ ಎಳೆದೆ. ಅಂಗಡಿಗೆ ಹೋಗಿ, ಗಿರಾಕಿಗಳ ಅಳತೆ ಬರೆದಿಡುವ ಪುಸ್ತಕದೊಳಗೆ ಸೇರಿಸಿ, ಡ್ರಾಯರಿಗೆ ಬೀಗ ಹಾಕಿ ಬಂದೆ. ಎಂಬತ್ತೆಂಟನ್ನು ನೋಡಲಿ, ಅದೊಂದನ್ನೇ ನೋಡಲಿ ಎಂಬುದು ನನ್ನ ಲೆಕ್ಕ.

ಕಾಲೇಜಿನಲ್ಲಿ ಒಂದು ತಾಸು ಸಾಲಿನಲ್ಲಿ ನಿಂತು ಕೌಂಟರು ಮುಟ್ಟಿದಾಗ, ಒಳಗಿದ್ದ ಮೇಡಂ ಎಲ್ಲ ಕಾಗದಗಳನ್ನೂ ತಿರುವಿ, ಹತ್ತನೇ ತರಗತಿಯ ಮಾರ್ಕ್ಸ್ ಕಾರ್ಡ್ ಎಲ್ಲಿ ಎಂದು ಕೇಳಿದರು. ಅದಿಲ್ಲದೆ ಅರ್ಜಿ ತೆಗೆದುಕೊಳ್ಳುವಂತಿಲ್ಲ, ನಾಲ್ಕು ಗಂಟೆಗೆ ಕೌಂಟರು ಮುಚ್ಚುತ್ತೇವೆ ಎಂದರು. ರಕ್ಷಿ ಜಗುಲಿಯ ಮೇಲೆ ಕೂತು ಫೈಲನ್ನೆಲ್ಲ ಸುರುವಿದಳು. ಒಂದೊಂದು ಕಾಗದವನ್ನೂ ಎರಡೆರಡು ಸಲ ನೋಡಿದಳು. ಖಾಲಿ ಫೈಲನ್ನು ತಲೆಕೆಳಗು ಮಾಡಿ ಕೊಡವಿದಳು.

"ನಾನೇ ಇಟ್ಟಿದ್ದೆ ಅಜ್ಜ. ಎಲ್ಲೋ ಬೀಳಿಸ್ಕಂಡು ಬಂದೀನಿ."

"ಬಿದ್ದಿಲ್ಲವ್ವ. ನಾನೇ ತೆಗೆದಿಟ್ಟು ಬಂದೀನಿ. ಆ ಮೂವತ್ತೈದು ಇವ್ರ ಕಣ್ಣಿಗೆ ಬೀಳೋದು ಬ್ಯಾಡ ಅಂತ."

ಬೈಯಲಿ ಎಂದು ತಲೆ ತಗ್ಗಿಸಿದೆ. ಅವಳು ಕಾಗದಗಳನ್ನು ಒಂದೊಂದಾಗಿ ಜೋಡಿಸಿಕೊಂಡು ಎದ್ದು ನಿಂತು, "ಸಾಕ್ಷಿ ಮುಚ್ಚಿಟ್ಟ ಆಸಾಮಿ ಮನ್ಯಾಗೇ ಇದ್ದಾನಲ್ಲಪ್ಪ. ನನ್ನ ಮೊದಲ್ನೇ ಕೇಸು ನೀನೇ. ಏಳು ಮ್ಯಾಲಕ್ಕೆ, ನಡಿ ಊರಿಗೆ" ಎಂದಳು. ಕಣ್ಣಲ್ಲಿ ನೀರಿತ್ತು, ಆದರೂ ನಡಿ ಎಂದಳು.

ಹರಿಹರಕ್ಕೆ ಹಿಂದಿರುಗುವ ಬಸ್ಸಿನಲ್ಲಿ ನಾನು ಕಿಟಕಿಗೆ ಮುಖ ಕೊಟ್ಟು ಕೂತೆ. ಅವಳ ಐದು ವರ್ಷವನ್ನು, ಅದರಾಚೆಯ ಬದುಕನ್ನೆಲ್ಲ, ನಾನೊಂದು ಡ್ರಾಯರಿನಲ್ಲಿಟ್ಟು ಬೀಗ ಹಾಕಿ ಬಂದಿದ್ದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ. ಬಾತಿ ಕೆರೆ ದಾಟುವಾಗ ಅವಳು ನನ್ನ ತೋಳು ಅಲುಗಿಸಿದಳು.

"ನಿಂಗೆ ಅದು ನಾಚ್ಕಿ ಅನಿಸ್ತೈತೇನಜ್ಜ? ನಂಗೆ ಅನಿಸಲ್ಲ. ಎಂಬತ್ತೆಂಟು ನಂಗೆ ಸಲೀಸಾಗಿ ಬಂತು. ಆ ಮೂವತ್ತೈದಕ್ಕೆ ನಾನು ಎಷ್ಟು ಅತ್ತೀನಿ ನಿಂಗೊತ್ತಿಲ್ಲ."

ನನಗೆ ಗೊತ್ತಿತ್ತು. ಯಂತ್ರದ ಸದ್ದಿನಲ್ಲಿ ಕೇಳಿಸುವುದಿಲ್ಲ ಎಂದುಕೊಂಡಿದ್ದಳು ಪಾಪ. ಐವತ್ತು ವರ್ಷ ತುಳಿದವನಿಗೆ ಆ ಸದ್ದಿನ ಆಚೆಯದೇ ಹೆಚ್ಚು ಕೇಳಿಸುತ್ತದೆ. ಆದರೆ ಆ ಅಳುವನ್ನು ಇಷ್ಟು ಹೆಮ್ಮೆಯಿಂದ ಲೆಕ್ಕಕ್ಕೆ ಹಿಡಿಯಬಹುದೆಂದು ನನಗೆ ಹೊಳೆದೇ ಇರಲಿಲ್ಲ.

ಬೀಗ ತೆಗೆದು, ಕಾಗದ ಹಿಡಿದು, ಮತ್ತೊಂದು ಬಸ್ಸು ಹತ್ತಿ, ಕಾಲೇಜಿನ ಎದುರು ಜೆರಾಕ್ಸ್ ಮಾಡಿಸಿ ಕೌಂಟರು ಮುಟ್ಟಿದಾಗ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಮೇಡಂ ಆ ಕಾರ್ಡನ್ನು ಕೈಗೆತ್ತಿಕೊಂಡರು. ನಾನು ಕೌಂಟರಿನ ಸರಳು ಹಿಡಿದು ನಿಂತೆ. ಅವರ ಬೆರಳು ಹೆಸರಿನ ಮೇಲೆ ನಿಂತಿತು, ಹುಟ್ಟಿದ ತಾರೀಕಿನ ಮೇಲೆ ನಿಂತಿತು, ಅಲ್ಲಿಂದ ಸೀದಾ ಕಾಗದ ಬಿಟ್ಟು ಮೇಲೆದ್ದಿತು. ನಾನು ತಡೆಯಲಾರದೆ, ಅದರಲ್ಲಿ ಗಣಿತದ್ದೊಂದು ಸ್ವಲ್ಪ ಹೆಚ್ಚುಕಡಿಮೆ ಆಗಿದೆ ಎಂದು ತಪ್ಪೊಪ್ಪಿಕೊಂಡೆ.

"ಅಜ್ಜಾರೆ, ಇದ್ರಾಗೆ ನಾವು ಮಾರ್ಕ್ಸ್ ನೋಡಲ್ಲ" ಎಂದು ಅವರು ನಕ್ಕರು. "ಪಾಸಾಗಿರ್ಬೇಕು, ಹೆಸರು ತಾರೀಕು ಸರಿ ಇರ್ಬೇಕು, ಅಷ್ಟೇ. ಸೀಟು ಕೊಡೋದು ಪಿಯುಸಿ ಮಾರ್ಕ್ಸ್ ಮ್ಯಾಲೆ."

ಪಿಯುಸಿಯಲ್ಲಿ ನೂರಕ್ಕೆ ನಲವತ್ತೈದಾದರೂ ಇರಬೇಕಂತೆ, ಮೀಸಲಾತಿಯವರಿಗೆ ತುಸು ಕಡಿಮೆ ಸಾಕಂತೆ, ಅಲ್ಲಿಂದ ಮೇಲೆ ಹೆಚ್ಚು ತಂದವರಿಗೆ ಮೊದಲ ಸೀಟಂತೆ. ದೂರದ ಕೆಲವು ಕಾಲೇಜುಗಳಿಗೆ ಬೇರೆಯೇ ಪ್ರವೇಶ ಪರೀಕ್ಷೆಯಿದೆಯಂತೆ. ಅವರು ಹೇಳುತ್ತ ಹೋದರು. ನನಗೆ ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ಒಂದು ಕಚೇರಿ, ಅದೂ ಕಾನೂನು ಕಲಿಸುವ ಮನೆಯ ಕಚೇರಿ, ಹದಿನೈದು ವರ್ಷದ ಹುಡುಗಿಯೊಬ್ಬಳ ಸೋಲನ್ನು ಮುಂದಿಟ್ಟುಕೊಂಡೂ ಅದನ್ನು ನೋಡದೆ, ಅವಳು ಹುಟ್ಟಿದ ದಿನವನ್ನು ಮಾತ್ರ ನೋಡಿತಲ್ಲ! ಕಾಗದವೆಂದರೆ ಹೆದರಿಕೊಂಡೇ ಬಾಳಿದ ನನ್ನಂಥವನಿಗೆ ಇದು ಎಷ್ಟು ದೊಡ್ಡ ಬೆರಗು ಎಂದರೆ, ಹೊರಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಮಾಡಿಸಿದ್ದ ಜೆರಾಕ್ಸಿನಲ್ಲಿ ಒಂದು ಉಳಿದಿತ್ತು. ಅದನ್ನು ಬಿಸಾಡಬೇಡವೆಂದು ರಕ್ಷಿಯ ಕೈಯಿಂದ ಇಸಿದುಕೊಂಡೆ.

ಮೂರು ವಾರದ ಮೇಲೆ, ಕಳೆದ ಸೋಮವಾರ, ಕಾಲೇಜಿನಲ್ಲಿ ಸೀಟು ಸಿಕ್ಕವರ ಪಟ್ಟಿ ಹಚ್ಚಿದರು. ಮೇಲಿನಿಂದ ಐದನೆಯ ಹೆಸರು ನಮ್ಮ ರಕ್ಷಿಯದು. ನಾನು ಆ ಸಾಲನ್ನು ನಾಲ್ಕನೇ ತರಗತಿಯ ಹುಡುಗನಂತೆ ಬೆರಳಿಟ್ಟು, ಅಕ್ಷರ ಅಕ್ಷರ ಕೂಡಿಸಿ, ಗಟ್ಟಿಯಾಗಿ ಓದಿದೆ. ಪಕ್ಕದಲ್ಲಿದ್ದವರು ತಿರುಗಿ ನೋಡಿದರೆ ನೋಡಲಿ ಬಿಡಿ.

ಅಂದಿನಿಂದ ನನ್ನ ಅಳತೆಯ ಪುಸ್ತಕ ನನಗೇ ಬೇರೆಯಾಗಿ ಕಾಣುತ್ತಿದೆ. ಅದರಲ್ಲಿ ಎಷ್ಟು ಜನರ ಎದೆ, ಭುಜ, ತೋಳು ಇವೆ! ಆದರೆ ಮೂರು ವರ್ಷದ ಹಿಂದಿನ ಅಳತೆಗೆ ನಾನು ಎಂದಾದರೂ ಕತ್ತರಿ ಹಾಕಿದ್ದೇನೆಯೇ? ಹಳೆಯ ಗಿರಾಕಿ ಬಂದು, ಪುಸ್ತಕದಲ್ಲೈತಲ್ಲ, ಅದನ್ನೇ ನೋಡಿ ಹೊಲಿ ಎಂದರೂ, ನಿಂತುಕೊಳ್ಳಿ ಸ್ವಾಮಿ, ಮೈ ಬದಲಾಗಿರುತ್ತದೆ ಎಂದು ಟೇಪು ಬಿಚ್ಚುತ್ತೇನೆ. ಬೆಳೆಯುವ ಮಕ್ಕಳ ಬಟ್ಟೆಗಾದರೆ ಒಳಗೆ ಎರಡಿಂಚು ಬಿಟ್ಟೇ ಹೊಲಿಯುತ್ತೇನೆ, ಮುಂದಿನ ವರ್ಷ ಬಿಚ್ಚಿ ದೊಡ್ಡದು ಮಾಡಲಿ ಎಂದು. ಊರ ಮಕ್ಕಳಿಗೆಲ್ಲ ಬಿಟ್ಟ ಆ ಎರಡಿಂಚನ್ನು ನನ್ನ ಮನೆಯ ಕೂಸಿಗೆ ಬಿಡಲು ಮರೆತಿದ್ದೆ. ಹದಿನೈದರಲ್ಲಿ ತೆಗೆದ ಅಳತೆ ಅವಳ ಜನ್ಮಕ್ಕೆಲ್ಲ ಅದೇ ಎಂದುಕೊಂಡಿದ್ದೆ. ನನ್ನ ಕಸುಬನ್ನು ನನಗಿಂತ ಆ ಕೌಂಟರಿನ ಮೇಡಂ ಚೆನ್ನಾಗಿ ಬಲ್ಲರು.

ಉಳಿದ ಆ ಜೆರಾಕ್ಸನ್ನು ಅಂಗಡಿಯ ಗೋಡೆಯಲ್ಲಿ, ಕ್ಯಾಲೆಂಡರಿನ ಪಕ್ಕಕ್ಕೆ, ಎಲ್ಲರಿಗೂ ಕಾಣುವಂತೆ ಹಚ್ಚಿದ್ದೇನೆ. ಜಿಪ್ಪಿನ ಹಿರಿಯರು ಮೊನ್ನೆ ಬಂದು ಕನ್ನಡಕ ಏರಿಸಿ ಓದಿ, ಇದನ್ನೇಕೆ ಹಚ್ಚಿದಿ, ಎಂಬತ್ತೆಂಟರದು ಹಚ್ಚಬಾರದೆ ಎಂದರು. ಅದು ಸಲೀಸಾಗಿ ಬಂದದ್ದು ಎಂದೆ. ಅವರಿಗೆ ತಿಳಿಯಲಿಲ್ಲ.

ಇವತ್ತು ಬೆಳಿಗ್ಗೆ ನಾಲ್ಕನೆಯ ಸಲ ಕರಿಯ ಬಟ್ಟೆ ಹೊರಗೆ ಬಂತು. ರಕ್ಷಿ ನೋಡಿಬಿಟ್ಟಳು. ಯಾವಾಗ ತಂದದ್ದೆಂದು ಕೇಳಿದಳು, ನೀನು ಏಳನೇ ತರಗತಿಯಲ್ಲಿದ್ದಾಗ ಎಂದೆ. ಬಟ್ಟೆಗೆ ಕೆನ್ನೆ ಒತ್ತಿ, ಎದ್ದು ನನ್ನ ಮುಂದೆ ಕೈ ಚಾಚಿ ನಿಂತಳು. ನಾನು ಟೇಪನ್ನು ಅವಳ ಭುಜದ ಮೇಲಿಟ್ಟೆ. ಹದಿನಾಲ್ಕೂಕಾಲು ಇಂಚು. ಬರೆದುಕೊಳ್ಳಲು ಹೋದವನು ಟೇಪನ್ನು ಕೊರಳಿಗೆ ಹಾಕಿಕೊಂಡೆ.

"ಈಗ ಬ್ಯಾಡವ್ವ. ಐದು ವರ್ಷ ಬಿಟ್ಟು ಬಂದು ನಿಂತ್ಕ."

"ಹಂಗಾರೆ ಐದು ವರ್ಷ ನೀನು ಇಲ್ಲೇ ಇರ್ಬೇಕು. ಕರಾರು" ಎಂದಳು.

ಬಟ್ಟೆಯನ್ನು ಹಳೆಯ ಮಡಿಕೆಯ ಮೇಲೇ ಮಡಚಿ ಟ್ರಂಕಿನಲ್ಲಿಟ್ಟೆ. ಮೊದಲಿನ ನಾಲ್ಕು ಗುಳಿಗೆಗಳು ಸವೆದು ಮೆಣಸಿನಕಾಳಿನಷ್ಟಾಗಿದ್ದವು. ಹೊಸವು ತಂದು ಹಾಕಿದ್ದೇನೆ.