ಮದ್ರಾಸಿನಲ್ಲಿ ಸೋಲುತ್ತಿದ್ದ ಅಪ್ಪ

ಅಪ್ಪ ಪೈಲ್ವಾನರಾಗಿದ್ದರು. ನಾನು ಹುಟ್ಟುವ ಮೊದಲೇ ಮೈಸೂರಿನ ಗರಡಿ ಬಿಟ್ಟು, ಮದ್ರಾಸಿನಲ್ಲಿ ಟಿಕೆಟ್ ಇಟ್ಟು ಆಡಿಸುವ ಫ್ರೀಸ್ಟೈಲ್ ಕುಸ್ತಿಗೆ ಸೇರಿದವರು. ನಾನೂ ಅಮ್ಮನೂ ಮೈಸೂರಿನಲ್ಲೇ ಉಳಿದೆವು. ಅಪ್ಪ ಹಬ್ಬಕ್ಕೆ ಬರೋರು, ಉಂಡು ಮಲಗೋರು, ಎದ್ದ ಮೇಲೆ ನಾನು ಎಷ್ಟನೇ ಕ್ಲಾಸು ಅಂತ ಕೇಳೋರು. ಮೈ ಸೋತು ಅವರು ಊರಿಗೆ ಮರಳಿದಾಗ ನನಗೆ ಮದುವೆಯಾಗಿತ್ತು. ಗಂಡನಿಗೆ ಮದ್ರಾಸಿನ ಪೆರುಂಗುಡಿಯಲ್ಲಿ ಕೆಲಸವಾಗಿ ನಾವು ಅಲ್ಲೇ ಮೈಲಾಪೂರಿಗೆ ಬಂದೆವು. ಅಮ್ಮ ತೀರಿಕೊಂಡ ಮೇಲೆ ಅಪ್ಪನನ್ನೂ ಕರೆಸಿಕೊಂಡೆ. ಈಗಲಾದರೂ ಅಪ್ಪ ನನ್ನ ಪಾಲಿಗೆ ಸಿಕ್ಕರು ಅಂದುಕೊಂಡಿದ್ದೆ.

ಅಷ್ಟರಲ್ಲಿ ಆ ಹುಡುಗಿ ಬಂದಳು. ಮದ್ರಾಸಿನ ಹಳೇ ಕುಸ್ತಿಯ ಬಗ್ಗೆ ಪುಸ್ತಕ ಬರೆಯುತ್ತಿದ್ದಳು. ಪ್ರತಿ ಭಾನುವಾರ ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ ಅಪ್ಪನ ಎದುರು ಕೂರುತ್ತಿದ್ದಳು. ಮೊದಲ ದಿನ 'ಸರ್' ಅಂದವಳು ಮುಂದಿನ ವಾರಕ್ಕೆ 'ಅಪ್ಪಾ' ಅಂದಳು. ತಮಿಳಿನಲ್ಲಿ ವಯಸ್ಸಾದವರನ್ನು ಹಾಗೆ ಕರೆಯುವುದುಂಟು, ಗೊತ್ತು. ಆದರೂ ಒಳಗೆ ಕಾಫಿ ಸೋಸುತ್ತಿದ್ದ ನನಗೆ ಮೈ ಉರಿಯಿತು.

ನನ್ನ ಹತ್ತಿರ 'ಹೂಂ', 'ಉಹೂಂ' ಅನ್ನುವುದರಲ್ಲೇ ಮಾತು ಮುಗಿಸುವ ಅಪ್ಪ ಅವಳಿಗೆ ತಮಿಳಿನಲ್ಲಿ ಎಲ್ಲ ಹೇಳಿದರು. ಯಾರು ಗೆಲ್ಲಬೇಕೆಂದು ಕುಸ್ತಿ ಏರ್ಪಡಿಸುವ ಕಂಟ್ರಾಕ್ಟರು ಮೊದಲೇ ಹೇಳುತ್ತಿದ್ದನಂತೆ. ಮದ್ರಾಸು, ವೇಲೂರು, ಸೇಲಂ ಕಡೆ ಮೈಸೂರಿನವರಾದ ಅಪ್ಪನೇ ದುಷ್ಟ. ಬೈಸಿಕೊಂಡು, ಚಪ್ಪಲಿ ಎಸೆಸಿಕೊಂಡು ಸೋಲಬೇಕು. ಅದೇ ಕೋಲಾರ, ಬೆಂಗಳೂರಿಗೆ ಹೋದರೆ ಎದುರಾಳಿ ದುಷ್ಟ, ಅಪ್ಪ ಗೆಲ್ಲುವವರು. ಎದುರಾಳಿ ಮಾತ್ರ ಎಲ್ಲ ಕಡೆಯೂ ಒಬ್ಬರೇ, ಮದ್ರಾಸಿನ ಪಕ್ಕದ ಮಣಲಿಯವರು. ಅವರ ಮನೆಯಲ್ಲೇ ಅಪ್ಪನ ವಾಸ, ಊಟ.

ಇದೊಂದೂ ನನಗೆ ಗೊತ್ತಿರಲಿಲ್ಲ.

ಆ ಎದುರಾಳಿ ಇನ್ನೂ ಇದ್ದಾರೆಂದು ಹುಡುಗಿಯೇ ಪತ್ತೆ ಮಾಡಿದಳು. "ಅಪ್ಪನ್ನ ನಾನು ಕರ್ಕೊಂಡು ಹೋಗಿ ಬರ್ತೀನಿ ಅಕ್ಕಾ, ನಿಮಗ್ಯಾಕೆ ತೊಂದರೆ?" ಅಂದಳು.

"ನನ್ನಪ್ಪ. ನಾನೂ ಬರ್ತೀನಿ," ಅಂದೆ.

ಮಣಲಿಯಲ್ಲಿ ಎಣ್ಣೆ ಕಾರ್ಖಾನೆಯ ವಾಸನೆ ಮನೆಯೊಳಗೂ ಇತ್ತು. ಇಬ್ಬರು ಮುದುಕರೂ ಒಬ್ಬರನ್ನೊಬ್ಬರು ನೋಡಿದ್ದೇ ತಡ, ಎದುರಾಳಿ ಅಪ್ಪನ ಕತ್ತಿಗೆ ಕೈ ಹಾಕಿ ಪಟ್ಟು ಹಿಡಿದರು. ಅಪ್ಪ ಬಗ್ಗಿ ಅವರ ಸೊಂಟ ಹಿಡಿದರು. ನಾನು ಗಾಬರಿಯಾಗಿ, "ಅಪ್ಪನ ಎಡಗೈ ಮೇಲಕ್ಕೆ ಬರಲ್ಲ, ಬಿಡಿ," ಅಂದೆ.

"ಗೊತ್ತಮ್ಮಾ," ಅಂದರು ಅವರು, ತಮಿಳಿನಲ್ಲಿ. "ಸೇಲಂನಲ್ಲಿ ಕಳಚಿದ ಭುಜ. ಆಮೇಲೆ ಅದು ನೆಲಕ್ಕೆ ತಾಗದ ಹಾಗೇ ನಿನ್ನಪ್ಪನ್ನ ಎಸೀತಿದ್ದೆ."

ನಮ್ಮ ಮನೆಯಲ್ಲಿ ಅದನ್ನು ಬಸ್ಸಿನಿಂದ ಬಿದ್ದ ಪೆಟ್ಟು ಅಂತಲೇ ನಂಬಿದ್ದೆವು. ಅಮ್ಮ ಎಷ್ಟೋ ವರ್ಷ ಆ ಭುಜಕ್ಕೆ ಎಣ್ಣೆ ತಿಕ್ಕಿದ್ದಳು, ನಿಜ ಗೊತ್ತಿಲ್ಲದೆಯೇ.

ಅವರ ಹೆಂಡತಿ ನನ್ನ ಗಲ್ಲ ಹಿಡಿದು ನೋಡಿದರು. "ಅಪ್ಪ ಹೊರಟಾಗೆಲ್ಲ ಚೀಲಕ್ಕೆ ಜೋತುಬಿದ್ದು ಅಳ್ತಿದ್ದವಳು ನೀನೇನಾ? ಊಟಕ್ಕೆ ಕೂತಾಗೆಲ್ಲ ಹೇಳೋರು."

ಕರಗಬೇಕಿತ್ತು ನಾನು. ಕರಗಲಿಲ್ಲ. ನನ್ನ ಅಳುವನ್ನೂ ಹೊತ್ತು ತಂದು ಈ ಮನೆಯ ಊಟದೆಲೆಯ ಮೇಲೆ ಬಡಿಸಿದರಲ್ಲ ಅನ್ನಿಸಿತು. ನನಗೆ ಮಾತ್ರ ಈ ಮನೆಯ ಒಂದು ಸುದ್ದಿಯನ್ನೂ ತಂದಿರಲಿಲ್ಲ. ಹುಡುಗಿ ಕಣ್ಣೊರೆಸಿಕೊಂಡು ರೆಕಾರ್ಡ್ ಮಾಡುತ್ತಿದ್ದಳು.

ವಾಪಸು ಬರುವಾಗ ಅವಳು ಕಾರಿನ ಮುಂದಿನ ಸೀಟಿನಲ್ಲಿ ನಿದ್ದೆ ಹೋದಳು. ನಾನು ಅಪ್ಪನಿಗೆ ಮೆಲ್ಲಗೆ ಕೇಳಿದೆ, "ನಮಗ್ಯಾಕೆ ಹೇಳಲಿಲ್ಲ?"

"ಸೋಲೋದು ನನ್ನ ಕೆಲಸ ಅಂತ ನಿಮ್ಮಮ್ಮನಿಗೆ ಹ್ಯಾಗೆ ಹೇಳಲಿ? ಊರಲ್ಲಿ ತಲೆ ಎತ್ತಿ ನಡೀತಿದ್ದಳು."

"ನನಗೆ?"

"ನೀನು ಕೇಳಲೇ ಇಲ್ವಲ್ಲಮ್ಮ. ಈ ಹುಡುಗಿ ಕೇಳಿದಳು."

ಆ ಮಾತು ಚುಚ್ಚಿತು. ಆದರೂ ಬಿಡಲಿಲ್ಲ. "ಅವಳು ಕೇಳದೇ ಇರೋದು ಏನಾದರೂ ಉಳಿದಿದೆಯಾ?"

ಅಪ್ಪ ಯೋಚಿಸಿದರು. "ಬೀಳೋದು ಹ್ಯಾಗೆ ಅಂತ ಕೇಳಿಲ್ಲ."

ಮಾರನೇ ಬೆಳಿಗ್ಗೆ ನಡುಮನೆಯಲ್ಲಿ ಹಾಸಿಗೆ ಹಾಸಿ, ಕುರ್ಚಿಯಲ್ಲಿ ಕೂತು ಹೇಳಿಕೊಟ್ಟರು. ಗದ್ದ ಎದೆಗೆ ಒತ್ತಬೇಕು, ಉಸಿರು ಬಿಡಬೇಕು, ಅಂಗೈ ಮೊದಲು ಬಡಿಯಬೇಕು, ಸದ್ದು ಜನಕ್ಕೆ, ಪೆಟ್ಟು ಯಾರಿಗೂ ಅಲ್ಲ. ಈ ವಯಸ್ಸಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಹಿಂದಕ್ಕೆ ಬಿದ್ದೆ. "ಮೂಟೆ ಬಿದ್ದ ಹಾಗಾಯ್ತು, ಇನ್ನೊಂದ್ಸಲ," ಅಂದರು. ಅವರ ಫೋನು ಹೊಡೆದುಕೊಂಡಿತು. ಆ ಹುಡುಗಿಯದೇ.

"ಆಮೇಲೆ ಮಾಡ್ತಾಳೆ ಬಿಡು," ಅಂದರು ಅಪ್ಪ.

ನಾನು ಮತ್ತೆ ಬಿದ್ದೆ.