ಲೆನ್ಸಿಗೆ ಇಟ್ಟ ಬೊಟ್ಟು

ಮದುವೆಯಾಗಿ ಬಂದ ಆರು ವರ್ಷಗಳಲ್ಲಿ ನಮ್ಮ ಅತ್ತೆಯವರ ಮೇಲೆ ನಾನು ದನಿಯೆತ್ತಿ ಕೂಗಾಡಿದ್ದು ಒಂದೇ ಸಲ. ಅದೂ ಒಂದು ಬೊಟ್ಟಿಗೋಸ್ಕರ.

ಶಿಡ್ಲಘಟ್ಟದ ನಮ್ಮ ಮನೆಯಲ್ಲಿ ಆಯುಧಪೂಜೆ ಎಂದರೆ ಯಾವ ಸಾಮಾನಿಗೂ ರಿಯಾಯಿತಿಯಿಲ್ಲ. ಸ್ಕೂಟರು, ಮಿಕ್ಸಿ, ಕುಡುಗೋಲು, ಈಳಿಗೆಮಣೆ, ಕೊನೆಗೆ ಟೀವಿಯ ರಿಮೋಟು ಕೂಡ ಕುಂಕುಮ ಇಡಿಸಿಕೊಳ್ಳಲೇಬೇಕು. ಹಿಂದಿನ ವರ್ಷ ನನ್ನ ಕ್ಯಾಮೆರಾದ ಸಂದಿಗೊಂದಿಗೆಲ್ಲ ಕುಂಕುಮ ಹೊಕ್ಕು, "ಅತ್ತೆ, ಇದಕ್ಕೆ ಪುಡಿ ಗಿಡಿ ಆಗಲ್ಲ" ಎಂದಿದ್ದೆ. ಅವರು ಅದನ್ನು ಮರೆತಿರಲಿಲ್ಲ. ಈ ಸಲ ನಾನು ತಂಗಿಯ ಬಾಣಂತನಕ್ಕೆಂದು ಗೌರಿಬಿದನೂರಿನ ತವರಿಗೆ ಹೋಗಿದ್ದೆ. ಪುಡಿಯ ಗೋಜೇ ಬೇಡವೆಂದು ಅತ್ತೆ ತಮ್ಮ ಸ್ಟಿಕ್ಕರ್ ಬೊಟ್ಟಿನ ಹಾಳೆಯಿಂದ ಒಂದು ದೊಡ್ಡ ಕೆಂಪು ಬೊಟ್ಟು ಕಿತ್ತು, ಲೆನ್ಸಿನ ಮುಚ್ಚಳ ತೆಗೆದು, ಗಾಜಿನ ನಟ್ಟನಡುವೆ ಅಂಟಿಸಿ ಪೂಜೆ ಮಾಡಿದ್ದರು. ಆಮೇಲೆ ಅದನ್ನು ಕಿಟಕಿಯ ಕಟ್ಟೆಯ ಮೇಲೆ ಎತ್ತಿಟ್ಟಿದ್ದರು. ಎರಡು ವಾರದ ಬೆಳಗಿನ ಬಿಸಿಲು ಬೊಟ್ಟನ್ನು ಚೆನ್ನಾಗಿಯೇ ಬೇಯಿಸಿತ್ತು.

ನಾನು ವಾಪಸು ಬಂದದ್ದು ಶುಕ್ರವಾರ. ಭಾನುವಾರ ದಿಬ್ಬೂರಹಳ್ಳಿಯಲ್ಲಿ ಒಂದು ಮಗುವಿನ ನಾಮಕರಣ. ನೆಂಟರಲ್ಲದವರು ನನ್ನನ್ನು ಫೋಟೋ ತೆಗೆಯಲು ಕರೆದದ್ದು ಅದೇ ಮೊದಲು. "ಹೆಂಗಸಂತೆ, ಫೋಟೋ ತೆಗೀತಾಳಂತೆ" ಎಂದು ನಗುತ್ತಿದ್ದವರ ಬಾಯಿ ಮುಚ್ಚಿಸಲು ನನಗೆ ಆ ಕೆಲಸ ಬೇಕೇಬೇಕಿತ್ತು, ಇದ್ದದ್ದು ಇದೊಂದೇ ಲೆನ್ಸು. ಬೊಟ್ಟು ಎಳೆದೆ. ಕೆಂಪು ಕೈಗೆ ಬಂತು, ಅಂಟು ಗಾಜಿನ ಮೇಲೆಯೇ ಉಳಿಯಿತು. ಸಿಟ್ಟು ನೆತ್ತಿಗೇರಿತು. ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ ಕೆರೆದೆ. ಅಂಟು ಜಪ್ಪಯ್ಯ ಅನ್ನಲಿಲ್ಲ. ನೆಟ್ಟಗೆ ಅಡುಗೆಮನೆಗೆ ನುಗ್ಗಿದೆ.

"ಗೊತ್ತಿಲ್ದಿರೋ ಸಾಮಾನನ್ನ ಯಾಕೆ ಮುಟ್ತೀರಾ ಅತ್ತೆ? ಇನ್ಮೇಲೆ ನನ್ನ ಯಾವ ಸಾಮಾನಿಗೂ ಕೈ ಹಾಕ್ಬೇಡಿ!"

ಅವರು ಸೌಟು ಹಿಡಿದುಕೊಂಡು ನಿಂತೇ ಇದ್ದರು. "ಪುಡಿ ಬೇಡ ಅಂದಿದ್ಯಲ್ಲಮ್ಮ, ಅದಕ್ಕೇ..." ಎಂದರು. ನಾನು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ.

ಚಿಕ್ಕಬಳ್ಳಾಪುರದ ಕ್ಯಾಮೆರಾ ರಿಪೇರಿಯವರಿಗೆ ಫೋನ್ ಮಾಡಿದೆ. ನೇಲ್ ಪಾಲಿಶ್ ರಿಮೂವರ್ ಬೇಡ, ಕೊಬ್ಬರಿಎಣ್ಣೆ ಬೇಡ, ಕೆರೆಯುವುದಂತೂ ಬೇಡವೇ ಬೇಡ, ಗಾಜಿನ ಮೇಲಿನ ತೆಳು ಲೇಪ ಹಾಳಾಗುತ್ತದೆ ಎಂದರು. ಮೆಡಿಕಲ್ ಸ್ಟೋರಿನಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ತಂದು, ಲೆನ್ಸಿನ ಮೇಲೆ ಸುರಿಯದೆ ಬಟ್ಟೆಗೆ ಎರಡು ಹನಿ ಹಾಕಿ, ಮೆಲ್ಲಗೆ ಒರೆಸಬೇಕಂತೆ. ಶನಿವಾರ ಬೆಳಗ್ಗೆಯೇ ತಂದೆ. ಮೆಲ್ಲಗೆ ಎನ್ನುವುದು ನನ್ನ ಜಾಯಮಾನದಲ್ಲೇ ಇಲ್ಲ. ಸೀದ ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದೆ. ಗುಂಡಗಿದ್ದ ಅಂಟು ಗಾಜಿನ ತುಂಬ ಹರಡಿ ಮಬ್ಬು ಕವಿಯಿತು. ಅಳುವೇ ಬಂದುಬಿಟ್ಟಿತು.

"ತಿಕ್ಬೇಡ ಕಣೇ, ನಾ ತಲ್ಲಿ, ತಿಕ್ಬೇಡ." ಅತ್ತೆ ಬಾಗಿಲಲ್ಲಿ ನಿಂತಿದ್ದರು; ಅಕ್ಕರೆ ಉಕ್ಕಿದರೆ ಅವರ ಬಾಯಲ್ಲಿ 'ನನ್ನ ತಾಯಿ' ತೆಲುಗಿನಲ್ಲೇ ಬರುವುದು. ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದರು. "ನಾನು ಮುಟ್ಟಲ್ಲ. ಹೇಳ್ತೀನಿ, ನೀನೇ ಮಾಡು."

ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. "ನೀವೇ ಮಾಡಿ ಅತ್ತೆ. ಕೋಪದಲ್ಲಿ ಏನೇನೋ ಅಂದ್ಬಿಟ್ಟೆ, ತಪ್ಪಾಯ್ತು" ಎಂದೆ.

ಅವರು ಕೈ ತೊಳೆದು ಒರೆಸಿಕೊಂಡು ಬಂದು ಕುಳಿತರು. ಇಲ್ಲಿಯ ರೇಷ್ಮೆ ನೂಲು ತೆಗೆಯುವ ಘಟಕವೊಂದರಲ್ಲಿ ಮೂವತ್ತು ವರ್ಷ ದುಡಿದ ಕೈಗಳವು. ಬಿಸಿನೀರಿನಲ್ಲಿ ಬೆಂದ ಗೂಡಿನಿಂದ, ಕಣ್ಣಿಗೂ ಸರಿಯಾಗಿ ಕಾಣದ ಎಳೆಯ ತುದಿಯನ್ನು ಹುಡುಕಿ ತೆಗೆದು ತೆಗೆದು ಬೆರಳ ತುದಿಗಳೆಲ್ಲ ಬಿಳಿಚಿ ಸುಕ್ಕುಗಟ್ಟಿವೆ. ಆರು ವರ್ಷ ಆ ಕೈ ಬಡಿಸಿದ ಮುದ್ದೆ ತಿಂದಿದ್ದೆ, ಆ ಕೈಗೆ ಏನು ಬರುತ್ತದೆ ಎಂದು ಒಂದು ದಿನವೂ ಕೇಳಿರಲಿಲ್ಲ.

"ಮೊದ್ಲು ಧೂಳು ಹೋಗ್ಲಿ" ಎಂದರು. ನಾನು ಧೂಳು ಊದುವ ರಬ್ಬರಿನ ಉಂಡೆ ಹಿಸುಕಿ ಗಾಜಿನ ಮೇಲೆ ಗಾಳಿ ಬಿಟ್ಟೆ. ಅತ್ತೆ ಲೆನ್ಸ್ ಒರೆಸುವ ಬಟ್ಟೆಯ ಮೂಲೆಗೆ ಎರಡು ಹನಿ ಹಾಕಿಸಿಕೊಂಡು, ಅದನ್ನು ಅಂಟಿನ ಮೇಲೆ ಹಗುರವಾಗಿ ಇಟ್ಟು ಸುಮ್ಮನೆ ಕುಳಿತರು.

"ಒರೆಸಿ ಅತ್ತೆ, ಆರೋಗತ್ತೆ."

"ಆತುರಗಾತಿ! ಗೂಡಲ್ಲಿರೋದೂ ಅಂಟೇ ಕಣಮ್ಮ. ಅದು ಬಿಡೋಕ್ ಮುಂಚೆ ಎಳೆದ್ರೆ ಎಳೆ ಪಟ್ ಅಂತ ಕಿತ್ತೋಗತ್ತೆ. ಅಂಟು ತಾನಾಗೇ ಬಿಡ್ಬೇಕು, ನಾವು ಕೀಳಬಾರ್ದು."

ಒತ್ತಲಿಲ್ಲ, ಉಜ್ಜಲಿಲ್ಲ. ಅಂಚಿನಿಂದ ಒಳಗೆ ಒಂದೇ ಒಂದು ಸಲ ಎಳೆದು ಬಟ್ಟೆಯನ್ನು ಎತ್ತಿಬಿಡುತ್ತಿದ್ದರು. ಮತ್ತೆ ಹೊಸ ಮೂಲೆ, ಮತ್ತೆರಡು ಹನಿ, ಮತ್ತೆ ಕಾಯುವುದು. ಒಮ್ಮೆ ಬಳಸಿದ ಜಾಗ ಗಾಜಿಗೆ ಇನ್ನೊಮ್ಮೆ ತಾಗಲಿಲ್ಲ. ಬಟ್ಟೆ ಮುಗಿದಾಗ ಇನ್ನೊಂದು ಕೇಳಿದರು, ಅದೂ ಮುಗಿದಾಗ ಮತ್ತೊಂದು. ಅಂಟು ಎಲ್ಲಿ ಇನ್ನೂ ಹಿಡಿದಿದೆ, ಎಲ್ಲಿ ಸಡಿಲಿಸಿದೆ ಎನ್ನುವುದು ಬಟ್ಟೆಯ ಮೂಲಕವೇ ಆ ಬೆರಳುಗಳಿಗೆ ತಿಳಿಯುತ್ತಿತ್ತು. ನಾನು ನೋಡುತ್ತಲೇ ಕುಳಿತೆ. ಎಷ್ಟು ಚೆಂದದ ಕೆಲಸ ಅಂತೀರಿ! ಮಧ್ಯಾಹ್ನದ ಊಟದ ಹೊತ್ತಿಗೆ ಮಬ್ಬೆಲ್ಲ ಹೋಗಿ ಗಾಜು ತಿಳಿಯಾಯಿತು.

ಲೆನ್ಸನ್ನು ಕ್ಯಾಮೆರಾಕ್ಕೆ ಹಾಕಿ ಮೊದಲು ಅವರ ಫೋಟೋವನ್ನೇ ತೆಗೆದೆ. ಹುಬ್ಬಿನ ಒಂದೊಂದು ಬಿಳಿಕೂದಲೂ ಸ್ಪಷ್ಟವಾಗಿ ಬಂತು. ಮಾರನೆಯ ದಿನ ದಿಬ್ಬೂರಹಳ್ಳಿಯ ಆ ಮಗು ತೊಟ್ಟಿಲಲ್ಲಿ ಆಕಳಿಸಿದ್ದೂ ಅಷ್ಟೇ ಚೊಕ್ಕಟವಾಗಿ ಬಂತು, ಆ ಮನೆಯವರು ಹಿಗ್ಗಿದರು.

ಆದರೆ ಶನಿವಾರ ಮಧ್ಯಾಹ್ನ, ಫೋಟೋ ನೋಡಿ ನಾನು ಕುಣಿಯುತ್ತಿದ್ದಾಗ, ಅತ್ತೆ ನಾನು ಮತ್ತೆ ಬಿಚ್ಚಿಟ್ಟಿದ್ದ ಲೆನ್ಸನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡುತ್ತಲೇ ಇದ್ದರು. ಅವರ ಮುಖ ಬಾಡಿತು. ಬೊಟ್ಟು ಇದ್ದ ಜಾಗದ ಅಂಚಿನಲ್ಲಿ ಕೂದಲಿನಷ್ಟು ಸಣ್ಣ ಗೀರು ಇತ್ತು.

"ಅಯ್ಯೋ, ಇದೂ ನನ್ನಿಂದಾನೇ ಆಯ್ತೇನಮ್ಮ?" ಎಂದರು.

ಫೋಟೋದಲ್ಲಿ ಕಾಣದ ಗೀರು ಅದು. ಸುಮ್ಮನಿದ್ದಿದ್ದರೆ ಅವರು ಅದನ್ನೂ ತಮ್ಮ ತಲೆಯ ಮೇಲೇ ಹೊತ್ತುಕೊಳ್ಳುತ್ತಿದ್ದರು. ಒಂದು ಕ್ಷಣ ಸುಮ್ಮನೆಯೂ ಇದ್ದೆ, ಸುಳ್ಳು ಯಾಕೆ ಹೇಳಲಿ.

"ಇಲ್ಲ ಅತ್ತೆ. ಅದು ನಾನು. ನಿನ್ನೆ ಪಿನ್ನಲ್ಲಿ ಕೆರೆದೆ."

ಅವರು ಲೆನ್ಸನ್ನು ಮೆಲ್ಲಗೆ ನನ್ನ ಕೈಗಿಟ್ಟರು. "ಹೋಗ್ಲಿ ಬಿಡು," ಎಂದರು. ಆಮೇಲೆ, ಕೊಂಕಿಲ್ಲದೆ, ನಿಜವಾಗಿಯೂ ತಿಳಿದುಕೊಳ್ಳುವವರ ಹಾಗೆ ಕೇಳಿದರು: "ನೀನು ಕೆರೆದಾಗ ನಿನ್ನ ಬೈಯೋರು ಯಾರೂ ಇರ್ಲಿಲ್ಲ, ಅಲ್ವಾ?"