ಯುಗಾದಿಯ ಸ್ಟೀಲ್ ತಟ್ಟೆಗಳು

ಅಮೆರಿಕದ ಫ್ರಿಸ್ಕೋ ಊರಿನ ಶಾಲೆಯೊಂದರ ಕೆಫೆಟೇರಿಯಾದಲ್ಲಿ ನಮ್ಮ ಕನ್ನಡಿಗರ ಯುಗಾದಿ ಊಟ ನಡೆದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಸಾರು ಬಿದ್ದರೆ ಬಾಗುತ್ತದೆಂದು ಒಂದರ ಕೆಳಗೊಂದು ಎರಡು ಥರ್ಮೊಕೋಲ್ ತಟ್ಟೆ, ಪಾಯಸಕ್ಕೆ ಬೇರೆ ಬಟ್ಟಲು, ಎರಡು ಗುಟುಕು ಕುಡಿದು ಬಿಟ್ಟ ನೀರಿನ ಬಾಟಲಿ. ಊಟ ಮುಗಿಯುವಷ್ಟರಲ್ಲಿ ಕಪ್ಪು ಚೀಲಗಳು ಬಾಗಿಲಿಗೆ ಅಡ್ಡ ನಿಂತಿರುತ್ತಿದ್ದವು. ಹೀಗೆ ಎಸೆದು ಹೋಗುವವರು ಏನೂ ಅರಿಯದವರಲ್ಲ. ಆಫೀಸಿನಲ್ಲಿ ಕಾಫಿ ಲೋಟದ ಮುಚ್ಚಳ ಯಾವ ಡಬ್ಬಿಗೆ ಹೋಗಬೇಕೆಂದು ಓದಿ ನೋಡಿ ಹಾಕುವವರು. ನಮ್ಮ ಸಂಘದ ಅಧ್ಯಕ್ಷರಂತೂ ತಮ್ಮ ಕಂಪನಿಯ ಪರಿಸರ ತಂಡಕ್ಕೇ ಮುಖ್ಯಸ್ಥರು.

ಒಂದು ವರ್ಷ ಪಟ್ಟು ಹಿಡಿದೆ. ಸ್ಟೀಲ್ ತಟ್ಟೆ ತರೋಣ, ಉಂಡವರು ತಮ್ಮ ತಟ್ಟೆ ತಾವೇ ತೊಳೆಯಲಿ ಎಂದೆ. ಅಧ್ಯಕ್ಷರು ನಕ್ಕರು. "ಆಗ್ಲಿ, ಒಂದು ಸಲ ಟ್ರೈ ಮಾಡೋಣ. ಎಡವಟ್ಟಾದ್ರೆ ಮತ್ತೆ ಈ ವಿಷ್ಯ ಎತ್ತಬಾರ್ದು ನೀವು."

ಫ್ಲವರ್ ಮೌಂಡ್, ಲೂಯಿಸ್‌ವಿಲ್ ಎಂದು ಅಕ್ಕಪಕ್ಕದ ಊರುಗಳ ಮನೆಮನೆಗೆ ಡ್ರೈವ್ ಮಾಡಿ ತಟ್ಟೆ ಕೂಡಿಸಿದೆ. ಮದುವೆಯಲ್ಲಿ ಉಡುಗೊರೆ ಬಂದ, ಅಂಚಿನಲ್ಲಿ ಹೆಸರು ಕೊರೆಸಿದ ತಟ್ಟೆಗಳು ಯಾರ ಅಟ್ಟದಲ್ಲಿಲ್ಲ? ಕೊಡುವಾಗ ಎಲ್ಲರೂ ನನ್ನನ್ನು ಹೊಗಳಿದ್ದೇ ಹೊಗಳಿದ್ದು. ಹಬ್ಬದ ದಿನ ಕೆಫೆಟೇರಿಯಾದ ಹಿಂದಿನ ಸಿಂಕಿನ ಪಕ್ಕ ಬಿಸಿನೀರಿನ ಮೂರು ಟಬ್ ಇಟ್ಟೆ, ಸೋಪು ಇಟ್ಟೆ, ಹೇಗೆ ತೊಳೆಯಬೇಕೆಂದು ಬರೆದು ಅಂಟಿಸಿದೆ.

ಹೋಳಿಗೆಯವರೆಗೆ ಎಲ್ಲ ಚೆನ್ನಾಗಿತ್ತು. ತಟ್ಟೆಯ ಫೋಟೊ ತೆಗೆದುಕೊಂಡರು. ಉಂಡ ಮೇಲೆ ಒಬ್ಬೊಬ್ಬರೇ ಬಂದು ತಟ್ಟೆಯನ್ನು ಟಬ್ಬಿನೊಳಕ್ಕೆ ಜಾರಿಸಿ, ಬೆರಳ ತುದಿ ನಲ್ಲಿಗೊಡ್ಡಿ, ಮಕ್ಕಳ ಡ್ಯಾನ್ಸ್ ನೋಡಲು ಹೋದರು. ನೀರಿನ ಮೇಲೆ ಚಿತ್ರಾನ್ನ ತೇಲತೊಡಗಿತು. ಮೂರು ಗಂಟೆಗೆ ಹಾಲ್ ಬಿಟ್ಟುಕೊಡಬೇಕಿತ್ತು. ನಾನು ಮೈಕ್ ಹಿಡಿದು ಕರೆದೆ, ಬೇಡಿದೆ, ಕೊನೆಗೆ ರೇಗಿದೆ.

ಧಾರವಾಡ ಕಡೆಯ ಒಬ್ಬ ಆಂಟಿ ಎದ್ದು ಬಂದರು. ಟಬ್ ನೋಡಿ ಸೆರಗು ಎಳೆದುಕೊಂಡರು. "ನನ್ನ ತಾಟು ನಾ ತೊಳೀತಿದ್ನಿರಿ. ಈಗ ಇದರಾಗ ನಂದು ಯಾವ್ದು? ಮಂದಿ ಎಂಜಲಾ ಹೆಂಗ ಮುಟ್ಟೂದ್ರಿ?"

ನಿಜ, ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಒಂದೇ ನೀರಿಗೆ ಬಿದ್ದ ಮೇಲೆ ಪ್ರತಿ ತಟ್ಟೆಯೂ ಬೇರೆಯವರ ಎಂಜಲೇ.

ಅಷ್ಟರಲ್ಲಿ ಶಾಲೆಯ ಕ್ಲೀನಿಂಗ್ ಹೆಂಗಸು ಒಳಗೆ ಬಂದಳು. ನೆಲ ಒರೆಸುವುದಷ್ಟೇ ಅವಳ ಕೆಲಸ. ಗಡಿಯಾರ ನೋಡಿದಳು, ನಮ್ಮನ್ನು ನೋಡಿದಳು, ಅಂಗಿಯ ತೋಳು ಮೇಲಕ್ಕೆ ಮಡಚಿ ಟಬ್ಬಿನ ಮುಂದೆ ನಿಂತಳು.

"ಸದ್ಯ!" ಎಂದರು ಅಧ್ಯಕ್ಷರು. "ಬಿಡಿ, ಅವಳೇ ತೊಳೀತಾಳೆ. ಕೈಗೆ ಏನಾದ್ರೂ ಕೊಟ್ರಾಯ್ತು."

"ತಿಂದೋರು ನಾವು, ತೊಳಿಯೋದು ಅವಳಾ? ನಾಚಿಕೆ ಆಗಲ್ವಾ ನಿಮಗೆ?" ಎಂದು ಕಿರುಚಿದೆ. ಹತ್ತಿರದ ಕುರ್ಚಿಗಳವರೆಲ್ಲ ತಿರುಗಿ ನೋಡಿದರು. ಯಾರೂ ಏಳಲಿಲ್ಲ. ಅವರ ಮೇಲೆ ಅಂದು ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಆದರೆ ಆ ಹೆಂಗಸು ನಾಲ್ಕು ತಟ್ಟೆ ತೊಳೆದು ಮುಗಿಸಿದ್ದರೂ ನನ್ನ ಕೈ ಇನ್ನೂ ಒಣಗಿಯೇ ಇತ್ತು. ಅವಳನ್ನು ಕಂಡ ಕ್ಷಣ ನನಗೂ 'ಸದ್ಯ' ಎನಿಸಿತ್ತು. ಅಧ್ಯಕ್ಷರು ಬಾಯಿಬಿಟ್ಟು ಅಂದಿದ್ದರು, ನಾನು ಅಂದಿರಲಿಲ್ಲ, ಅಷ್ಟೇ ವ್ಯತ್ಯಾಸ. ಬಳೆ ಹಿಂದಕ್ಕೆ ಸರಿಸಿ ಕೈ ಅದ್ದಿದೆ. ಯಾರೋ ಅಗಿದು ಉಗಿದ ನುಗ್ಗೆಕಾಯಿ ಬೆರಳಿಗೆ ತಾಗಿತು. ಕೈ ತಾನಾಗಿ ಹಿಂದಕ್ಕೆ ಬಂತು. ಅವಳು ಅದನ್ನು ನೋಡಿ ಆ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

ಆಮೇಲೆ ಹಲ್ಲು ಕಚ್ಚಿ ತೊಳೆದೆ, ನಿಜ. ಆದರೆ ಅವಳು ಎರಡು ತೊಳೆಯುವಷ್ಟರಲ್ಲಿ ನಾನು ಒಂದು ತೊಳೆಯುತ್ತಿದ್ದೆ, ಅದೂ ಎಂಜಲು ಕಡಿಮೆ ಇದ್ದದ್ದನ್ನೇ ಆರಿಸಿ.

ಹೊರಡುವಾಗ ಅಧ್ಯಕ್ಷರು ಹೆಗಲು ತಟ್ಟುವ ದನಿಯಲ್ಲಿ ಹೇಳಿದರು. "ಪರವಾಗಿಲ್ಲ ಕಣ್ರೀ, ನಡೀತಲ್ಲ! ಮುಂದಿನ ಸಲಾನೂ ಸ್ಟೀಲೇ ಇಟ್ಕೊಳೋಣ. ಅವಳನ್ನ ಈಗ್ಲೇ ಕೇಳಿಟ್ಕೊಂಡ್ರೆ ಆಯ್ತು."

ನಾನು ಪಟ್ಟು ಹಿಡಿದು ಕೇಳಿದ್ದೇ ನನಗೆ ಸಿಕ್ಕಿತ್ತು. "ಬೇಡ, ಥರ್ಮೊಕೋಲೇ ತರಿಸಿ" ಎಂದೆ.